ಶನಿವಾರದ ಆ ಎರಡು ಗಂಟೆ ಮಗುವಿನದು

ಈ ಶನಿವಾರ ಮಗುವಿಗೆ ಜ್ವರ ಎಂದು ಸುಳ್ಳು ಹೇಳಬೇಡಿ. ಮಿಕ್ಕ ಮಾತೆಲ್ಲ ಆಮೇಲೆ, ಮೊದಲು ಇದೊಂದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಕೋರ್ಟು ಗೊತ್ತುಮಾಡಿದ ಭೇಟಿಯ ದಿನವೇ ಮಗುವಿಗೆ ಜ್ವರ ಬರುತ್ತದೆ, ಆ ದಿನವೇ ಸ್ಪೆಷಲ್ ಕ್ಲಾಸ್ ಇರುತ್ತದೆ, ಆ ದಿನವೇ ಊರಿನಲ್ಲಿ ದೇವರ ಕಾರ್ಯ ಬೀಳುತ್ತದೆ. ಕೌಟುಂಬಿಕ ನ್ಯಾಯಾಲಯಗಳ ವರಾಂಡದಲ್ಲಿ ಕರಿ ಕೋಟು ತೊಟ್ಟು ನಿಂತು ವಯಸ್ಸಿನ ಬಹುಪಾಲನ್ನು ಕಳೆದವಳು ನಾನು. ಇಂಥ ಕಾರಣ ಬರೆದ ಮೆಮೊಗಳನ್ನು ಎದುರು ಪಕ್ಷದವರು ಕೋರ್ಟಿಗೆ ಹಾಕುವುದನ್ನು ನೋಡಿದ್ದೇನೆ. ‘ಹಾಕಿ ಮೇಡಂ, ಒಂದು ತಿಂಗಳು ಮುಂದೆ ಹೋಗಲಿ’ ಎಂದು ನನ್ನ ಕಕ್ಷಿದಾರರು ಪಟ್ಟು ಹಿಡಿಯುವುದನ್ನೂ ನೋಡಿದ್ದೇನೆ. ಭೇಟಿ ತಪ್ಪಿದ ತಂದೆಯ ಅಥವಾ ತಾಯಿಯ ಅಳಲನ್ನು ಹೇಳಲೆಂದು ಇದನ್ನು ಬರೆಯುತ್ತಿಲ್ಲ. ದೊಡ್ಡವರ ಅಳಲಿಗೆ ವಕೀಲರಿದ್ದಾರೆ, ಅರ್ಜಿಗಳಿವೆ, ಹೈಕೋರ್ಟಿದೆ. ನನಗೆ ಸಂಕಟವಾಗುವುದು ಆ ಜ್ವರವಿಲ್ಲದ ಮಗುವನ್ನು ನೆನೆದು. ತನಗೆ ಜ್ವರವೆಂದು ದೊಡ್ಡವರು ಫೋನಿನಲ್ಲಿ ಹೇಳುವಾಗ ಅದು ಅಲ್ಲೇ ಪಕ್ಕದಲ್ಲಿ ಕೂತು ಹೋಂವರ್ಕ್ ಬರೆಯುತ್ತಿರುತ್ತದೆ. ತನ್ನ ಹೆಸರಿನಲ್ಲಿ ಸುಳ್ಳು ಹೇಳುತ್ತಿದ್ದಾರೆ, ತಾನದನ್ನು ತಿದ್ದಕೂಡದು ಎಂಬುದು ಆ ಹೊತ್ತಿಗೆ ಅದಕ್ಕೆ ಅರ್ಥವಾಗಿರುತ್ತದೆ.

‘ಅವನಿಗೆ ವಿಸಿಟಿಂಗ್ ಸಿಗಲೇಬಾರದು.’ ‘ಅವಳಿಗೆ ಕಸ್ಟಡಿ ಹೋದರೆ ಊರಲ್ಲಿ ನಮ್ಮ ಮರ್ಯಾದೆ ಏನಾಗಬೇಕು?’ ನಮ್ಮ ಚೇಂಬರುಗಳಲ್ಲಿ ದಿನಬೆಳಗಾದರೆ ಕೇಳುವ ಮಾತುಗಳಿವು. ಅಣ್ಣತಮ್ಮಂದಿರು ಪಾಲಾಗುವಾಗ ಹೊಲಕ್ಕೆ ಹಗ್ಗ ಹಿಡಿದು ನಿಲ್ಲುತ್ತಾರಲ್ಲ, ಹಾಗೆ ನಿಂತಿರುತ್ತಾರೆ ಹೆತ್ತವರು. ನಾನು ಹೇಳಬೇಕಾದದ್ದು ಇಷ್ಟೇ. ಭೇಟಿಯ ಆ ಎರಡು ಗಂಟೆ ಮಗುವಿಗೆ ಸೇರಿದ್ದು. ಅದನ್ನು ದಯಪಾಲಿಸಲು, ಕಸಿಯಲು, ಚೌಕಾಸಿಗೆ ಇಡಲು ಹೆತ್ತವರಿಗೂ ಅಧಿಕಾರವಿಲ್ಲ.

ಕಾನೂನು ಇದನ್ನು ಒಪ್ಪಿ ಬಹಳ ಕಾಲವಾಯಿತು. ಬ್ರಿಟಿಷರ ಕಾಲದ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ; ಅದರಲ್ಲೇ ಮಗುವಿನ ಕ್ಷೇಮದ ಮಾತಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ 13ನೇ ಕಲಮು ಮಗುವಿನ ಕ್ಷೇಮವನ್ನು ಎಲ್ಲಕ್ಕಿಂತ ಮೇಲಿಟ್ಟಿತು. ಮಕ್ಕಳು ತಂದೆತಾಯಿಯ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲೇ ಬರೆಯಿತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಒಂಬತ್ತನೇ ವಿಧಿ, ಹೆತ್ತವರಲ್ಲಿ ಒಬ್ಬರಿಂದ ದೂರವಾದ ಮಗುವಿಗೆ ಅವರೊಡನೆ ನೇರ ಒಡನಾಟ ಇಟ್ಟುಕೊಳ್ಳುವ ಹಕ್ಕಿದೆ ಎನ್ನುತ್ತದೆ. ಹಕ್ಕು ಯಾರಿಗೆ ಎಂಬಲ್ಲಿ ಆ ವಿಧಿಗೆ ಸ್ವಲ್ಪವೂ ಗೊಂದಲವಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಅದನ್ನೇ ಹೇಳಿತು: ತಂದೆತಾಯಿ ಇಬ್ಬರ ಪ್ರೀತಿಯೂ ಮಗುವಿನ ಮೂಲಭೂತ ಮಾನವ ಹಕ್ಕು, ದಂಪತಿ ಬೇರೆಯಾದ ಮಾತ್ರಕ್ಕೆ ಅದು ಮುಗಿಯುವುದಿಲ್ಲ; ಭೇಟಿ ಸಾಧ್ಯವಿಲ್ಲದಿದ್ದಾಗ ಫೋನು, ವಿಡಿಯೊ ಕರೆಯಾದರೂ ಇರಲಿ. ಇಷ್ಟೆಲ್ಲ ಕಾಗದದ ಮೇಲಿದೆ. ಮಕ್ಕಳು ಮಾತ್ರ ಕೋರ್ಟಿನ ಬೆಂಚಿನ ಮೇಲೆ ಕಾದು ಕೂತೇ ಇದ್ದಾರೆ.

ಕಾಗದದ ಮೇಲೂ ಎಲ್ಲ ಸರಿಯಿದೆ ಎನ್ನಲಾರೆ. 1956ರ ಕಾಯಿದೆಯ ಆರನೇ ಕಲಮು ತಂದೆಯನ್ನು ಸಹಜ ಪೋಷಕ ಎಂದು ಕರೆದು, ತಾಯಿಯನ್ನು ಅವನ ‘ನಂತರ’ ನಿಲ್ಲಿಸಿತು. ಐದು ತುಂಬದ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರಲಿ ಎಂದು ಒಂದು ರಿಯಾಯಿತಿ ಕೊಟ್ಟಿತು. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಪೋಷಕಿಯಾಗಿ ಸಹಿ ಹಾಕಿದಾಗ, ತಂದೆಯ ಸಹಿ ಬೇಕು ಎಂಬ ಉತ್ತರ ಬಂತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊತ್ತಿರದಿದ್ದರೆ ತಾಯಿಯೇ ಸಹಜ ಪೋಷಕಿಯಾಗಬಹುದು ಎಂದು 1999ರಲ್ಲಿ ಕೋರ್ಟು ಆ ಕಲಮನ್ನು ಓದಿತು. ಕಾಯಿದೆಯ ಅಕ್ಷರ ಮಾತ್ರ ಹಾಗೇ ಉಳಿಯಿತು. ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಅದನ್ನು ತಿದ್ದಿ ಇಬ್ಬರನ್ನೂ ಸಮ ಪೋಷಕರನ್ನಾಗಿಸಿ, ಜಂಟಿ ಕಸ್ಟಡಿಗೆ ಕಾನೂನಿನಲ್ಲೇ ಜಾಗ ಮಾಡಿ ಎಂದಿತ್ತು. ವರದಿ ಬಂದಾಗ ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾರೆ.

ನಮ್ಮ ರಾಜ್ಯದ ಹೈಕೋರ್ಟು ಆ ವರದಿಗೂ ಮುಂಚೆ, 2013ರಲ್ಲೇ, ಒಂದು ಧೈರ್ಯದ ಆದೇಶ ಕೊಟ್ಟಿತ್ತು. ಹನ್ನೆರಡು ವರ್ಷದ ಹುಡುಗ. ಅಪ್ಪ ಅಮ್ಮ ಇಬ್ಬರೂ ಬೇಕು ಅವನಿಗೆ. ಜನವರಿಯಿಂದ ಜೂನ್ ಕೊನೆಯವರೆಗೆ ತಂದೆಯ ಮನೆ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಮನೆ, ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ, ಓದಿನ ಖರ್ಚು ಸಮಪಾಲು ಎಂದಿತು ಕೋರ್ಟು. ಆರಾರು ತಿಂಗಳ ಈ ಲೆಕ್ಕ ಎಲ್ಲ ಮಕ್ಕಳಿಗೂ ಒಗ್ಗುತ್ತದೆಂದು ನನಗನ್ನಿಸುವುದಿಲ್ಲ. ಎರಡೂ ಮನೆ ಒಂದೇ ಊರಿನಲ್ಲಿರಬೇಕು, ಶಾಲೆ ಬದಲಾಗಬಾರದು, ಚಿಕ್ಕ ಕೂಸಿಗಂತೂ ಆರು ತಿಂಗಳ ಅಗಲಿಕೆ ತೀರ ಹೆಚ್ಚಾಯಿತು. ಆದರೆ ಆ ಆದೇಶದ ಹಿಂದಿನ ಮನಸ್ಸು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಗೆದ್ದವರು ಯಾರು, ಸೋತವರು ಯಾರು ಎಂದು ಕೇಳಲು ಬಂದವರಿಗೆ ಕೋರ್ಟು ಹುಡುಗನ ಕ್ಯಾಲೆಂಡರನ್ನು ಬಿಡಿಸಿ ತೋರಿಸಿತು.

ದಿನನಿತ್ಯ ನಡೆಯುವುದು ಬೇರೆ. ಮಗುವನ್ನು ಹಿಡಿದಿಟ್ಟುಕೊಂಡವರ ಪಾಲಿಗೆ ಕಾಲವೇ ವಕೀಲ. ಹೇಗೆಂದು ಬಿಡಿಸಿ ಹೇಳಬೇಕು, ಏಕೆಂದರೆ ಇದು ಹೊರಗಿನವರಿಗೆ ಕಾಣುವುದಿಲ್ಲ. ಗಂಡ ಹೆಂಡತಿ ಬೇರೆಯಾದಾಗ ಮಗುವಿಗೆ ಮೂರು ವರ್ಷ. ಮಗು ಒಬ್ಬರ ಬಳಿ ಉಳಿಯುತ್ತದೆ, ಇನ್ನೊಬ್ಬರು ಭೇಟಿಗೆ ಮಧ್ಯಂತರ ಅರ್ಜಿ ಹಾಕುತ್ತಾರೆ. ಅದಕ್ಕೆ ತಕರಾರು ಸಲ್ಲಿಸಲು ಎರಡು ಮೂರು ಡೇಟು. ಆಮೇಲೆ ಕೇಸನ್ನು ಬೇರೆ ಊರಿಗೆ ವರ್ಗಾಯಿಸಿ ಎಂಬ ಅರ್ಜಿ. ಅಷ್ಟರಲ್ಲಿ ಬೇಸಿಗೆ ರಜೆ, ಅಷ್ಟರಲ್ಲಿ ನ್ಯಾಯಾಧೀಶರ ವರ್ಗಾವಣೆ. ಭೇಟಿಯ ಆದೇಶ ಸಿಕ್ಕರೂ ಜ್ವರ, ಸ್ಪೆಷಲ್ ಕ್ಲಾಸ್. ನೋಡುನೋಡುತ್ತ ಮಗುವಿಗೆ ಏಳು ತುಂಬುತ್ತದೆ. ಆಗ ನ್ಯಾಯಾಧೀಶರು ಚೇಂಬರಿಗೆ ಕರೆದು ಮೆಲ್ಲಗೆ ಕೇಳುತ್ತಾರೆ, ‘ಪುಟ್ಟಾ, ನಿನಗೆ ಅಪ್ಪನ ಹತ್ತಿರ ಹೋಗಬೇಕು ಅನ್ನಿಸುತ್ತಾ?’ ಮಗು ತಲೆ ಅಲ್ಲಾಡಿಸುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ನಾಲ್ಕು ವರ್ಷ ಮುಖ ನೋಡದ ಮನುಷ್ಯ ಅದಕ್ಕೆ ಅಪರಿಚಿತನೇ. ಬುದ್ಧಿ ಬಲಿತ ಮಗುವಿನ ಇಚ್ಛೆಯನ್ನು ಪರಿಗಣಿಸಬಹುದು ಎಂದು 1890ರ ಕಾಯಿದೆಯ 17ನೇ ಕಲಮು ಹೇಳುತ್ತದೆ, ಇಂತಿಷ್ಟೇ ವಯಸ್ಸು ಎಂದು ಹೇಳಿಲ್ಲ. ಮಗು ಇರುವಲ್ಲೇ ಹೊಂದಿಕೊಂಡಿದೆ, ಅಲ್ಲಿಂದ ಕೀಳುವುದು ಬೇಡ ಎಂದು ಆದೇಶ ಬರುತ್ತದೆ. ಹೀಗೆ, ಮಾಡಿದ ಅನ್ಯಾಯವೇ ಬೆಳೆದು ಕೊನೆಗೆ ಮಗುವಿನ ಕ್ಷೇಮದ ಹೆಸರಿನಲ್ಲಿ ಕೂತುಬಿಡುತ್ತದೆ.

ಇದು ತಂದೆಯರಿಗೆ ಮಾತ್ರ ಆಗುತ್ತದೆಂದು ಯಾರೂ ಅಂದುಕೊಳ್ಳಬೇಡಿ. ಗಂಡು ಮಗುವನ್ನು ಇಟ್ಟುಕೊಂಡು ಸೊಸೆಯನ್ನು ಮಾತ್ರ ಆಚೆ ಹಾಕಿದ ಮನೆಗಳು ನಮ್ಮ ಎಲ್ಲ ಜಿಲ್ಲೆಗಳಲ್ಲೂ ಇವೆ. ಮೊಲೆಹಾಲು ಬಿಡದ ಕೂಸನ್ನು ಕಸಿದುಕೊಂಡು ಕಳಿಸಿದ ಮೇಲೆ, ಬಸ್ ಚಾರ್ಜಿಗೂ ಕಾಸಿಲ್ಲದ ಹೆಣ್ಣುಮಗಳು ಕೋರ್ಟು ಮುಟ್ಟುವ ಹೊತ್ತಿಗೆ ಆ ಕೂಸು ಅತ್ತೆಯನ್ನೋ ಚಿಕ್ಕಮ್ಮನನ್ನೋ ಅಮ್ಮ ಅನ್ನುತ್ತಿರುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಹೆಣ್ಣು ಮಗು, ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ದೂರವಾಗಿ ತಂದೆಯ ಬಳಿ ಬೆಳೆದಿತ್ತು. ತಂದೆಯೇ ಇಷ್ಟ ಎಂದು ಮಗು ಹೇಳಿತು. ತಾಯಿಯ ಜೊತೆ ಬಾಳುವ ಅವಕಾಶವೇ ಸಿಗದ ಮಗುವಿನ ಆ ಮಾತನ್ನು ಕೊನೆಯ ಮಾತೆಂದು ಹೇಗೆ ತಗೊಳ್ಳುವುದು ಎಂದು ಯೋಚಿಸಿದ ಕೋರ್ಟು, ಒಬ್ಬರ ವಿರುದ್ಧ ಮಗುವಿನ ಮನಸ್ಸನ್ನು ತಿರುಗಿಸುವ ಪಿಡುಗಿನ ಬಗ್ಗೆಯೂ ಬರೆದು, ಒಂದು ವರ್ಷದ ಮಟ್ಟಿಗೆ ಮಗುವನ್ನು ತಾಯಿಗೆ ಒಪ್ಪಿಸಿತು. ಆ ತೀರ್ಪನ್ನು ನಾನು ಪ್ರತಿ ಯುವ ವಕೀಲರ ಕೈಗೂ ಕೊಟ್ಟು ಓದಿಸುತ್ತೇನೆ.

ಒಂದು ಜಿಲ್ಲಾ ಕೋರ್ಟಿನ ಮಕ್ಕಳ ಕೋಣೆಯಲ್ಲಿ ಕಂಡದ್ದನ್ನು ಹೇಳಬೇಕು. ಗೋಡೆಗೆ ಯಾರೋ ಬರೆಸಿದ ಆನೆ, ನವಿಲು. ಮೂಲೆಯಲ್ಲಿ ಚಕ್ರ ಕಿತ್ತ ಪ್ಲಾಸ್ಟಿಕ್ ಕಾರು. ರಾತ್ರಿ ಬಸ್ಸಿನಲ್ಲಿ ಬಂದ ತಂದೆ, ಕಣ್ಣು ಕೆಂಪು. ಎಂಟು ವರ್ಷದ ಮಗಳಿಗೆಂದು ಬಿಳಿ ಕ್ಯಾನ್ವಾಸ್ ಶೂ ತಂದಿದ್ದರು. ಪಿ.ಟಿ. ಪೀರಿಯಡ್ಡಿಗೆ ಬೇಕೆಂದು ಅವಳೇ ಹಿಂದಿನ ಭೇಟಿಯಲ್ಲಿ ಕೇಳಿದ್ದಳಂತೆ. ಆಮೇಲೆ ಎಷ್ಟೋ ಶನಿವಾರಗಳು ತಪ್ಪಿಹೋಗಿದ್ದವು. ನೆಲಕ್ಕೆ ಕೂತು, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಡಿಸಿದರು. ಹಿಮ್ಮಡಿ ಒಳಗೆ ಹೋಗಲಿಲ್ಲ. ಅವರು ಲೇಸು ಪೂರಾ ಬಿಚ್ಚಿ, ನಾಲಗೆ ಹಿಂದಕ್ಕೆಳೆದು, ಬೆರಳು ತೂರಿಸಿ ಮತ್ತೆ ನೋಡಿದರು. ‘ಸರಿ ಆಯ್ತು ಅಪ್ಪಾ’ ಅಂದಳು ಹುಡುಗಿ, ಬೆರಳುಗಳನ್ನು ಒಳಗೇ ಮಡಚಿಕೊಂಡು. ಎದ್ದು ನಾಲ್ಕು ಹೆಜ್ಜೆ ನಡೆದೂ ತೋರಿಸಿದಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ಅವಳ ಕಣ್ಣು ಹೋಯಿತು. ಸರಕ್ಕನೆ ಕೂತು ಶೂ ಬಿಚ್ಚಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅಪ್ಪನ ಚೀಲಕ್ಕೇ ತುರುಕಿದಳು. ‘ಮನೆಗೆ ತಗೊಂಡು ಹೋದರೆ ಬೈತಾರೆ. ನಿನ್ನ ಹತ್ತಿರಾನೇ ಇರಲಿ, ಮುಂದಿನ ಸಲ ತಾ.’

ಎಂಟು ವರ್ಷದ ಹುಡುಗಿ ಆ ಕೋಣೆಯಲ್ಲಿ ಮಾಡುತ್ತಿದ್ದ ಕೆಲಸ ಎಷ್ಟು! ಅಪ್ಪನ ಮನಸ್ಸು ನೋಯದಂತೆ ನೋಡಿಕೊಳ್ಳಬೇಕು, ಅಜ್ಜಿಯ ಮುಖ ಬಾಡದಂತೆ ನೋಡಿಕೊಳ್ಳಬೇಕು, ರಾತ್ರಿ ಅಮ್ಮ ಕೇಳುವ ಪ್ರಶ್ನೆಗೆ ಈಗಲೇ ಉತ್ತರ ಹೊಂದಿಸಿಕೊಳ್ಳಬೇಕು. ಆಡುವುದಕ್ಕೆ ಅವಳಿಗೆ ಹೊತ್ತೆಲ್ಲಿತ್ತು?

ಆ ರಾತ್ರಿಯ ಪ್ರಶ್ನೆಗಳ ಬಗ್ಗೆ ಸ್ವಲ್ಪ ಮಾತಾಡೋಣ. ಭೇಟಿ ಮುಗಿಸಿ ಬಂದ ಮಗುವಿನ ಚಪ್ಪಲಿ ಇನ್ನೂ ಕಾಲಲ್ಲಿರುತ್ತದೆ, ವಿಚಾರಣೆ ಶುರು. ಏನು ತಿನ್ನಿಸಿದ? ಯಾರ್‍ಯಾರಿದ್ದರು? ನನ್ನ ಬಗ್ಗೆ ಏನಂದ? ಆ ಹೆಂಗಸು ಬಂದಿದ್ದಳಾ? ಫೋನಿನಲ್ಲಿ ಫೋಟೊ ತೆಗೆದನಾ? ಅತ್ತ ಭೇಟಿಯ ಹೊತ್ತಿನಲ್ಲೂ ಇದೇ: ಅಮ್ಮ ಯಾರ ಜೊತೆ ಮಾತಾಡ್ತಾಳೆ, ಮನೆಗೆ ಯಾರು ಬರ್ತಾರೆ, ನಿನಗೆ ಹೊಟ್ಟೆ ತುಂಬ ಹಾಕ್ತಾಳಾ? ಮಗು ಬೇಗ ಕಲಿತುಬಿಡುತ್ತದೆ. ಇಲ್ಲಿ ಹೇಳುವುದಕ್ಕೆ ಒಂದು ವರದಿ, ಅಲ್ಲಿ ಹೇಳುವುದಕ್ಕೆ ಇನ್ನೊಂದು. ಅಲ್ಲಿ ಐಸ್‌ಕ್ರೀಮ್ ತಿಂದು ನಕ್ಕಿದ್ದನ್ನು ಇಲ್ಲಿ ಮುಚ್ಚಿಡುತ್ತದೆ, ಇಲ್ಲಿ ಅಮ್ಮನ ಮಗ್ಗುಲಲ್ಲಿ ನಿಶ್ಚಿಂತೆಯಾಗಿ ನಿದ್ದೆ ಮಾಡುವುದನ್ನು ಅಲ್ಲಿ ಬಾಯಿಬಿಡುವುದಿಲ್ಲ. ಸಂತೋಷಪಟ್ಟಿದ್ದೇ ತಪ್ಪಾಯಿತೇನೋ ಎಂಬ ಭಯ ಅದರ ಎಳೆ ಮನಸ್ಸಿನಲ್ಲಿ ಕೂರುತ್ತದೆ. ದೊಡ್ಡವರಾದ ಮೇಲೆ, ತಮ್ಮ ಮದುವೆಯ ಹೊತ್ತಿನಲ್ಲಿ, ನನ್ನ ಬಳಿ ಬಂದು ಅತ್ತ ಅಂಥ ಮಕ್ಕಳಿದ್ದಾರೆ. ಅವರು ಅಪ್ಪ ಅಮ್ಮನ ಜಗಳವನ್ನು ನೆನೆದು ಅಳಲಿಲ್ಲ. ಜಗಳ ಯಾವ ಮನೆಯಲ್ಲಿಲ್ಲ? ತಾವು ಹೇಳಿದ ಸುಳ್ಳುಗಳನ್ನು ನೆನೆದು ಅತ್ತರು.

ಮಗು ಬಾಗಿಲು ದಾಟಿ ಬಂದಾಗ ‘ಊಟ ಆಯ್ತಾ ಕಂದಾ’ ಎಂದಷ್ಟೇ ಕೇಳಿ. ಅದಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ನಗುತ್ತಾ ಹೇಳಿದರೆ ನೀವೂ ನಗಿ. ಎದೆಯಲ್ಲಿ ಬೆಂಕಿ ಇರುತ್ತದೆ, ಗೊತ್ತು. ಮೋಸ ಹೋದವರಿಗೆ, ಏಟು ತಿಂದವರಿಗೆ ಈ ಮಾತು ಎಷ್ಟು ಕಷ್ಟ ಎಂಬುದೂ ಗೊತ್ತು. ಆದರೂ ಕೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಬದಲಿಗೆ ಆ ನಗುವನ್ನು ಮಗುವಿಗೆ ಕೊಡಲು ಬೇರೆ ಯಾರೂ ಇಲ್ಲ.

ಏಟು ಎಂದೆ. ಅಲ್ಲಿ ಒಂದು ಗೆರೆ ಎಳೆಯಲೇಬೇಕು. ಕುಡಿದು ಬಂದು ಮಗುವಿನ ಮುಂದೆಯೇ ಹೆಂಡತಿಯ ತಲೆಯನ್ನು ಗೋಡೆಗೆ ಬಡಿದವನಿಗೆ, ಮಗುವಿನ ಮೇಲೇ ಕೈಮಾಡಿದವನಿಗೆ ಅಥವಾ ಮಾಡಿದವಳಿಗೆ, ಭೇಟಿ ಯಾಂತ್ರಿಕವಾಗಿ ಸಿಗಬಾರದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 21ನೇ ಕಲಮು, ಭೇಟಿಯಿಂದ ಮಗುವಿಗೆ ಕೆಡುಕಾಗುವಂತಿದ್ದರೆ ಮ್ಯಾಜಿಸ್ಟ್ರೇಟರು ಅದನ್ನು ನಿರಾಕರಿಸಲೇಬೇಕು ಎನ್ನುತ್ತದೆ. ಅಂಥ ಕಡೆ ‘ಅಪ್ಪ ಅಲ್ವಾ, ಕಳಿಸಮ್ಮಾ’ ಎಂದು ಬುದ್ಧಿ ಹೇಳಲು ಬರುವ ಹಿರಿಯರು ಸುಮ್ಮನಿರುವುದೇ ಲೇಸು. ಮೇಲ್ವಿಚಾರಣೆಯಲ್ಲಿ ಭೇಟಿ, ಹೊರಗಡೆ ಭೇಟಿ ಬೇಡ, ರಾತ್ರಿ ತಂಗುವುದು ಬೇಡ ಎಂದು ಕೋರ್ಟು ಹಂತ ಹಂತವಾಗಿ ಹೇಳಬಹುದು, ಹೇಳಬೇಕು. ಇಂಥ ನಿಜವಾದ ಅಪಾಯಗಳಿರುವುದರಿಂದಲೇ, ಸೇಡಿಗಾಗಿ ಸುಳ್ಳು ಆರೋಪ ಹೊರಿಸುವವರ ಮೇಲೆ ನನ್ನ ಸಿಟ್ಟು ಇಮ್ಮಡಿ. ಒಂದು ಸುಳ್ಳು ದೂರು ಮುಂದಿನ ಹತ್ತು ಮಕ್ಕಳ ನಿಜವಾದ ಮಾತನ್ನು ಅನುಮಾನದಿಂದ ಕೇಳುವಂತೆ ಮಾಡುತ್ತದೆ.

ಇನ್ನು ಭೇಟಿ ಬೇಡಿ, ಹೋರಾಡಿ, ಆದೇಶ ತಂದುಕೊಂಡು, ಆಮೇಲೆ ಬಾರದವರು. ನಿಮಗೆ ಏನೆಂದು ಹೇಳಲಿ? ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ತನಗಿಷ್ಟವಾದ ಅಂಗಿ ಹಾಕಿಕೊಂಡು ಬಂದ ಮಗು ನಿಮಗಾಗಿ ಕಾಯುತ್ತದೆ. ಗೇಟಿನ ಸದ್ದಾದಾಗಲೆಲ್ಲ ತಿರುಗುತ್ತದೆ. ಹೊತ್ತು ಮುಗಿದ ಮೇಲೆ, ‘ಟ್ರಾಫಿಕ್ ಇರಬಹುದು ಅಲ್ವಾ ಅಮ್ಮ?’ ಎಂದು ನಿಮ್ಮ ಪರವಾಗಿ ತಾನೇ ಕಾರಣ ಹುಡುಕುತ್ತದೆ. ಕಳಿಸದೆ ಇರುವುದು ಎಷ್ಟು ಪಾಪವೋ ಬಾರದೆ ಇರುವುದೂ ಅಷ್ಟೇ ಪಾಪ. ಕೋರ್ಟಿನಲ್ಲಿ ಮೊದಲನೆಯದಕ್ಕೆ ಅರ್ಜಿಯಿದೆ, ಎರಡನೆಯದಕ್ಕೆ ಅರ್ಜಿ ಹಾಕಲು ಮಗುವಿಗೆ ಕೈಯಿಲ್ಲ. ಎರಡನೇ ಮದುವೆಯಾದ ಮೇಲೆ ಹಳೆಯ ಸಂಸಾರದ ಮಕ್ಕಳನ್ನು ಮೆಲ್ಲಗೆ ಬಿಟ್ಟುಬಿಡುವವರು ಇವರಲ್ಲಿ ಬಹಳ. ಹೊಸ ಸಂಗಾತಿಗೆ ಬೇಸರವಾಗುತ್ತದಂತೆ. ಆ ಸಂಗಾತಿಯೂ ಈ ಬರಹ ಓದುತ್ತಿದ್ದರೆ, ದಯವಿಟ್ಟು ನೀವೇ ಎಬ್ಬಿಸಿ ಕಳಿಸಿ.

ಜೀವನಾಂಶಕ್ಕೂ ಭೇಟಿಗೂ ಗಂಟುಹಾಕುವುದನ್ನು ನಿಲ್ಲಿಸಬೇಕು. ‘ದುಡ್ಡು ಹಾಕಿದರೆ ಮಗು ನೋಡು’, ‘ಮಗು ತೋರಿಸಿದರೆ ದುಡ್ಡು’. ಎರಡೂ ಮಗುವಿನದೇ ಆಸ್ತಿ, ಒಂದರ ಒತ್ತೆಗೆ ಇನ್ನೊಂದನ್ನು ಇಡಲು ನಾವ್ಯಾರು? ಫೀಸು ಕಟ್ಟದ ತಂದೆಯ ಮೇಲೆ ವಸೂಲಿಗೆ ಅರ್ಜಿ ಹಾಕಿ, ನಾನೂ ನಿಮ್ಮ ಪರ ನಿಲ್ಲುತ್ತೇನೆ; ಆದರೆ ಶನಿವಾರ ಮಗುವನ್ನು ಕಳಿಸಿ. ಭೇಟಿ ತಪ್ಪಿಸಿದ ತಾಯಿಯ ಮೇಲೆ ಕೋರ್ಟಿಗೆ ದೂರು ಕೊಡಿ, ಆದರೆ ಒಂದನೇ ತಾರೀಕು ಹಣ ಹಾಕಿ. ಹಿಂದೂ ವಿವಾಹ ಕಾಯಿದೆಯ 26ನೇ ಕಲಮು, ಮಕ್ಕಳ ಜೀವನಾಂಶ ಮತ್ತು ಓದಿನ ಖರ್ಚಿನ ಮಧ್ಯಂತರ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಮುಗಿಸಬೇಕು ಎನ್ನುತ್ತದೆ. ಮಗು ಅಪ್ಪನ ಅಥವಾ ಅಮ್ಮನ ಮುಖ ನೋಡುವ ಅರ್ಜಿಗೂ ಅದೇ 60 ದಿನದ ಗಡುವನ್ನು ಕಾಯಿದೆಗೆ ಸೇರಿಸಿ ಎಂದು ನಮ್ಮ ಸಂಸದರನ್ನು ಕೇಳುತ್ತೇನೆ. ಮೂರು ವರ್ಷದ ಮಗುವಿಗೆ ಎರಡು ತಿಂಗಳೇ ಒಂದು ಯುಗ.

ನನ್ನ ವೃತ್ತಿಬಾಂಧವರೇ, ನಮಗೂ ಇದರಲ್ಲಿ ಪಾಲಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ನಮ್ಮನ್ನು ಹಕ್ಕಿನಿಂದ ಒಳಗೆ ಬಿಡಲಿಲ್ಲ, ಕೋರ್ಟಿನ ಅನುಮತಿಯಿಂದ ಬಿಟ್ಟಿತು. ಜಗಳ ಬೆಳೆಸುವವರು ದೂರವಿರಲಿ ಎಂಬ ಆಸೆ ಅದನ್ನು ಬರೆದವರಿಗಿತ್ತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ನಾವು ಬರೆದುಕೊಡುವ ಒಪ್ಪಂದಗಳನ್ನು ತೆಗೆದು ನೋಡಿ. ಎಷ್ಟು ಗ್ರಾಂ ಚಿನ್ನ, ಬೆಳ್ಳಿ ಕುಂಕುಮ ಭರಣಿ, ಹಿತ್ತಾಳೆ ಕೊಳಗ, ಮಿಕ್ಸರು, ಬೀರು, ಸ್ಕೂಟರಿನ ಆರ್.ಸಿ. ಪುಸ್ತಕ, ಒಂದೂ ಬಿಟ್ಟುಹೋಗಿರುವುದಿಲ್ಲ. ಮಗುವಿನ ಬಗ್ಗೆ ಎರಡು ಸಾಲು: ಕಸ್ಟಡಿ ತಾಯಿಗೆ, ಭೇಟಿ ಪರಸ್ಪರ ಅನುಕೂಲದಂತೆ. ಮುಖ ಕೊಟ್ಟು ಮಾತಾಡದ ಇಬ್ಬರ ನಡುವೆ ಯಾವ ಅನುಕೂಲ? ಆ ಎರಡು ಸಾಲು ಮುಂದಿನ ಹತ್ತು ವರ್ಷದ ಕೇಸಿಗೆ ಬೀಜ. ಯುಗಾದಿ ಯಾರ ಮನೆಯಲ್ಲಿ, ದೀಪಾವಳಿ ಯಾರ ಮನೆಯಲ್ಲಿ, ದಸರಾ ರಜೆ, ಏಪ್ರಿಲ್ ಮೇ ರಜೆ ಹೇಗೆ ಹಂಚಿಕೆ, ಹುಟ್ಟಿದ ಹಬ್ಬದ ದಿನ ಇನ್ನೊಬ್ಬರು ಎಷ್ಟು ಹೊತ್ತಿಗೆ ಫೋನ್ ಮಾಡಬೇಕು, ಮಗು ಆಸ್ಪತ್ರೆ ಸೇರಿದರೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು, ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಇಬ್ಬರೂ ಹೋಗಬಹುದೇ, ಪಾಸ್‌ಪೋರ್ಟ್ ಯಾರ ಬಳಿ, ಅಜ್ಜ ಅಜ್ಜಿ ನೋಡಲು ಬರಬಹುದೇ. ಕುಂಕುಮ ಭರಣಿಗೆ ಕೊಟ್ಟ ಶ್ರದ್ಧೆಯನ್ನು ಇವುಗಳಿಗೂ ಕೊಡೋಣ. ‘ಭೇಟಿ ತಡೆಯಿರಿ, ಆಮೇಲೆ ಅವನೇ ದಾರಿಗೆ ಬರ್ತಾನೆ’ ಎಂದು ಸಲಹೆ ಕೊಡುವ ವಕೀಲರು ನಮ್ಮ ನಡುವೆ ಇದ್ದಾರೆ. ಅವರಿಗೆ ಬಾರ್ ರೂಮಿನಲ್ಲಿ ಮುಖಕ್ಕೆ ಮುಖ ಕೊಟ್ಟು ತಪ್ಪು ಎಂದು ಹೇಳುವ ಧೈರ್ಯ ನಮಗೆ ಬೇಕು.

ನ್ಯಾಯಾಧೀಶರಲ್ಲೂ ಒಂದು ಪ್ರಾರ್ಥನೆಯಿದೆ. ಭೇಟಿಯನ್ನು ಕೋರ್ಟಿನ ಆವರಣದಿಂದ ಆದಷ್ಟು ಬೇಗ ಆಚೆ ತನ್ನಿ. ಪೊಲೀಸರು, ಕೈಕೋಳ, ಕೂಗಾಟದ ನಡುವೆ ಹಾದು ಬಂದ ಮಗು ಯಾರನ್ನು ಕಂಡು ಅರಳೀತು? ಅಪಾಯವಿಲ್ಲದ ಕಡೆ ಪಾರ್ಕು, ಗ್ರಂಥಾಲಯ, ಅಜ್ಜಿಮನೆ, ದೇವಸ್ಥಾನದ ಜಗಲಿ ಯಾವುದಾದರೂ ಆದೀತು. ಸಂಜೆ ಹೋಗಿ ಬರುವುದರಿಂದ ಶುರುಮಾಡಿ, ಮಗು ಒಗ್ಗಿದಂತೆ ಇಡೀ ದಿನ, ಆಮೇಲೆ ರಾತ್ರಿ ತಂಗುವುದು. ಮನಶ್ಶಾಸ್ತ್ರಜ್ಞರ, ಸಮಾಜ ಕಾರ್ಯಕರ್ತರ ನೆರವು ಪಡೆಯಲು 1984ರ ಕಾಯಿದೆಯ 12ನೇ ಕಲಮಿನಲ್ಲೇ ಅವಕಾಶವಿದೆ. ಮಗುವನ್ನು ಐದು ನಿಮಿಷ ಚೇಂಬರಿನಲ್ಲಿ ಮಾತಾಡಿಸಿ ಅದರ ಮನಸ್ಸನ್ನು ಅಳೆಯುವ ಬದಲು ಆ ಅವಕಾಶವನ್ನು ಬಳಸಿ. ಬೇಕೆಂದೇ ಭೇಟಿ ತಪ್ಪಿಸಿದವರಿಗೆ ಮೊದಲ ತಪ್ಪಿಗೇ ಎಚ್ಚರಿಕೆ ಕೊಟ್ಟು, ತಪ್ಪಿದ ಗಂಟೆಗಳನ್ನು ಮುಂದಿನ ವಾರವೇ ಮಗುವಿಗೆ ತುಂಬಿಸಿಕೊಡಿ.

ಹೊರದೇಶದಲ್ಲಿ ನೆಲೆಸಿದ ನಮ್ಮವರ ಮಕ್ಕಳ ಪಾಡು ಇನ್ನೂ ಜಟಿಲ. ರಜೆಗೆಂದು ಕ್ಯಾಲಿಫೋರ್ನಿಯಾದಿಂದಲೋ ಲಂಡನ್ನಿನಿಂದಲೋ ಬೆಂಗಳೂರಿಗೆ ಕರೆತಂದ ಮಗುವನ್ನು ಒಬ್ಬರು ಇಲ್ಲಿಯೇ ಶಾಲೆಗೆ ಸೇರಿಸಿಬಿಡುತ್ತಾರೆ. ಇನ್ನೊಬ್ಬರು ಅಲ್ಲಿಯ ಕೋರ್ಟಿನ ಆದೇಶ ಹಿಡಿದು ಮಗುವನ್ನು ಹಾಜರುಪಡಿಸಿ ಎಂದು ಇಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುತ್ತಾರೆ. ಹೀಗೆ ಗಡಿ ದಾಟಿಸಿದ ಮಕ್ಕಳನ್ನು ಹಿಂದಿರುಗಿಸಲು ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಿಂಸೆ ತಾಳದೆ ಓಡಿಬಂದ ತಾಯಂದಿರಿಗೆ ಆ ಒಪ್ಪಂದದಿಂದ ಅನ್ಯಾಯವಾದೀತು ಎಂಬ ವಾದದಲ್ಲಿ ಹುರುಳಿದೆ, ನಾನದನ್ನು ತಳ್ಳಿಹಾಕುವುದಿಲ್ಲ. ಆದರೆ ವಾದ ಮುಗಿಯುವವರೆಗೆ ಆ ಮಗು ತನ್ನ ಇನ್ನೊಬ್ಬ ಪೋಷಕರ ಮುಖವನ್ನು ಮೊಬೈಲಿನ ಪರದೆಯಲ್ಲಾದರೂ ವಾರಕ್ಕೆರಡು ಸಲ ಕಾಣಲೇಬೇಕು. ಟೈಮ್ ಜೋನ್ ನೆಪ ಹೇಳಬೇಡಿ, ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿಯ ಮಗು ಎಚ್ಚರವಾಗಿಯೇ ಇರುತ್ತದೆ.

ಅಜ್ಜ ಅಜ್ಜಿಯರಿಗೆ, ಸೋದರಮಾವಂದಿರಿಗೆ, ಚಿಕ್ಕಮ್ಮ ದೊಡ್ಡಮ್ಮಂದಿರಿಗೆ: ನಿಮ್ಮ ಮಗಳು ನೊಂದಿದ್ದಾಳೆ, ನಿಮ್ಮ ಮಗ ಕುಗ್ಗಿದ್ದಾನೆ, ಅವರ ಬೆನ್ನಿಗೆ ನಿಲ್ಲಿ. ಮಗುವಿನ ಕಿವಿಗೆ ಮಾತ್ರ ವಿಷ ಹಾಕಬೇಡಿ. ‘ನಿಮ್ಮಪ್ಪ ಸತ್ತ ಅಂದ್ಕೋ’ ಎಂದು ಮೊಮ್ಮಗನಿಗೆ ಹೇಳಿದ ಹಿರಿಯರನ್ನು ಕಂಡಿದ್ದೇನೆ. ಹುಡುಗ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದ. ‘ನಿಮ್ಮಮ್ಮ ನಿನ್ನ ಬಿಟ್ಟು ಓಡಿಹೋದಳು’ ಎಂದು ದಿನಾ ಕೇಳಿದ ಹುಡುಗಿ, ತಾನೂ ಬಿಟ್ಟುಹೋಗಲು ತಕ್ಕವಳೇ ಇರಬೇಕು ಎಂದು ನಂಬಿಬಿಟ್ಟಿದ್ದಳು. ಮಗುವಿನ ಮೂಗು ಅವನದು, ನಗು ಅವಳದು. ಅವರನ್ನು ಬೈದಾಗಲೆಲ್ಲ ಮಗು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತದೆ.

ಶಾಲೆಯವರಿಗೆ ಒಂದೇ ಮಾತು. ಕೋರ್ಟು ಬೇಡವೆಂದು ಹೇಳದಿದ್ದರೆ ಪ್ರೋಗ್ರೆಸ್ ಕಾರ್ಡಿನ ಪ್ರತಿ ಇಬ್ಬರಿಗೂ ಹೋಗಲಿ, ವಾರ್ಷಿಕೋತ್ಸವದ ಕರೆಯೋಲೆ ಇಬ್ಬರಿಗೂ ಹೋಗಲಿ.

ಈಗ ಮಾಡಬಹುದಾದದ್ದನ್ನು ಹೇಳುತ್ತೇನೆ. ಒಂದು ಹಾಳೆ ತೆಗೆದುಕೊಳ್ಳಿ. ಬರುವ ಹನ್ನೆರಡು ತಿಂಗಳ ಹಬ್ಬ, ರಜೆ, ಪರೀಕ್ಷೆ, ಹುಟ್ಟಿದ ಹಬ್ಬ ಬರೆಯಿರಿ. ಎದುರುಬದುರು ಕೂತು ಮಾತಾಡಲಾಗದಿದ್ದರೆ ನಡುವೆ ಒಬ್ಬರನ್ನು ಕೂರಿಸಿಕೊಳ್ಳಿ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೇ ಕೆಲಸ ಮಾಡುತ್ತಿದೆ. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಮಗುವಿಗೆ ತಿಳಿಯುವ ವಯಸ್ಸಾಗಿದ್ದರೆ ಅದನ್ನೂ ಕೇಳಿ, ಆದರೆ ಅಪ್ಪ ಬೇಕೋ ಅಮ್ಮ ಬೇಕೋ ಎಂದು ಕೇಳಬೇಡಿ; ಗಣಪತಿ ಹಬ್ಬಕ್ಕೆ ಎಲ್ಲಿಗೆ, ಕ್ರಿಕೆಟ್ ಕೋಚಿಂಗ್ ಯಾವ ವಾರ ತಪ್ಪಿದರೆ ಪರವಾಗಿಲ್ಲ, ಇಂಥದ್ದನ್ನು ಕೇಳಿ. ಇಬ್ಬರೂ ಸಹಿ ಹಾಕಿ ಜಂಟಿ ಮೆಮೊ ಕೊಟ್ಟರೆ ಕೋರ್ಟು ಅದನ್ನು ಆದೇಶದಲ್ಲಿ ಸೇರಿಸಬಹುದು. ಆ ಹಾಳೆಯ ಒಂದು ಪ್ರತಿಯನ್ನು ಮಗುವಿನ ಕೈಗೆ ಕೊಡಿ, ತನ್ನ ಪುಸ್ತಕದ ಬೀರುವಿನ ಬಾಗಿಲಿಗೆ ಅದೇ ಅಂಟಿಸಿಕೊಳ್ಳಲಿ. ಈ ವರ್ಷದ ದಸರಾ ರಜೆಯಿಂದಲೇ ಶುರುಮಾಡಿ.